‘ಹುಟ್ಟಿನಿಂದಲೇ ಹಾಗೆ’ ಎಂಬ ಮಾತು ಇನ್ನು ಸಾಕು

ಪ್ರಶ್ನೆ: ತಮ್ಮನಿಗೆ 48 ವರ್ಷ, ಡೌನ್ ಸಿಂಡ್ರೋಮ್ ಇದೆ. ಕೆಲವು ತಿಂಗಳಿಂದ ಮಂಕಾಗಿದ್ದಾನೆ. ಸ್ನಾನಕ್ಕೆ ಕರೆದರೆ ಬಚ್ಚಲಿನ ಬಾಗಿಲಲ್ಲೇ ನಿಲ್ಲುತ್ತಾನೆ. ‘ಹುಟ್ಟಿನಿಂದಲೇ ಹಾಗೆ, ಡಾಕ್ಟರು ಏನು ಮಾಡುತ್ತಾರೆ?’ ಎನ್ನುತ್ತಾರೆ ಮನೆಯವರು. ನಿಜವೇ?

ನಿಜವಲ್ಲ. ಶಿರಸಿ, ಕುಮಟಾ, ಕಾರವಾರ, ಎಲ್ಲಿಂದ ಪ್ರಶ್ನೆ ಬಂದರೂ ಈ ‘ಹುಟ್ಟಿನಿಂದಲೇ ಹಾಗೆ’ ಜೊತೆಗೇ ಬರುತ್ತದೆ. ಉತ್ತರ ಬರೆದು ಬರೆದು ಬೇಸತ್ತಿದ್ದೇನೆ. ಆದರೂ ಬರೆಯುತ್ತೇನೆ, ಏಕೆಂದರೆ ಈ ಒಂದು ಮಾತು ಎಷ್ಟೋ ಜನರಿಗೆ ಸಿಗಬೇಕಾದ ಚಿಕಿತ್ಸೆಯನ್ನು ತಪ್ಪಿಸಿದೆ.

ಹುಟ್ಟಿನಿಂದ ಹೇಗಿದ್ದ ಎಂದು ನೆನಪಿಸಿಕೊಳ್ಳಿ. ನೆಂಟರು ಜಗಲಿಯಲ್ಲಿ ಕುಳಿತರೆ, ಹೇಳುವ ಮೊದಲೇ ಕವಳದ ತಟ್ಟೆ ತಂದಿಡುತ್ತಿದ್ದನಲ್ಲವೇ? ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಮೋಡ ಕವಿದರೆ ಮೊದಲು ಓಡುತ್ತಿದ್ದವನು ಅವನೇ ಅಲ್ಲವೇ? ಇಂದು ಅವನು ತಟ್ಟೆ ಹಿಡಿದು ನಡುಮನೆಯಲ್ಲಿ ಸುಮ್ಮನೆ ನಿಂತಿದ್ದರೆ ಅದು ಹುಟ್ಟಿನಿಂದ ಬಂದದ್ದಲ್ಲ, ಇದ್ದದ್ದು ಕಳೆದುಹೋಗುತ್ತಿರುವುದು. ಬೌದ್ಧಿಕ ಅಸಾಮರ್ಥ್ಯ ಇರುವವನು ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕಾರಣವಿಲ್ಲದೆ ಬಿಡುವುದಿಲ್ಲ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ಲೆಕ್ಕವೂ ಡೌನ್ ಸಿಂಡ್ರೋಮ್ ಇರುವವರಿಗೆ ಹೊಂದುವುದಿಲ್ಲ. ಡೌನ್ ಸಿಂಡ್ರೋಮ್ ಎಂದರೆ ಜೀವಕೋಶಗಳಲ್ಲಿ 21ನೇ ವರ್ಣತಂತು (ಕ್ರೋಮೋಸೋಮ್) ಎರಡರ ಬದಲು ಮೂರು ಇರುವುದು. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನಲ್ಲಿ ಮಿದುಳಿನೊಳಗೆ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನಿನ ಮೂಲ ಜೀನ್ ಇರುವುದು ಆ ವರ್ಣತಂತುವಿನಲ್ಲೇ. ಆದ್ದರಿಂದ 40 ದಾಟುವ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಆಲ್‌ಝೈಮರ್‌ನ ಗುರುತುಗಳು ಮೂಡಿರುತ್ತವೆ. ಲಕ್ಷಣಗಳು ಹೆಚ್ಚಾಗಿ 50ರ ಆಸುಪಾಸಿನಲ್ಲಿ ಕಾಣುತ್ತವೆ. ಅದೂ ಮರೆವಾಗಿಯೇ ಬರಬೇಕೆಂದಿಲ್ಲ. ಹಟ, ಮೌನ, ಯಾವುದೂ ಬೇಡವೆನ್ನುವ ಸ್ವಭಾವ ಮೊದಲು ಬರಬಹುದು. ಮೈ ಥಟ್ಟನೆ ಅದುರುವುದು ಅಥವಾ ಫಿಟ್ಸ್ ಹೊಸದಾಗಿ ಶುರುವಾದರೆ ಒಂದು ದಿನವೂ ಕಾಯಬೇಡಿ.

ಹಾಗೆಂದು ಮಂಕಾದವರಿಗೆಲ್ಲ ಡಿಮೆನ್ಷಿಯಾ (ಮಿದುಳಿನ ಶಕ್ತಿ ಕುಂದುತ್ತ ಹೋಗುವ ಕಾಯಿಲೆ) ಎಂದು ಹಣೆಪಟ್ಟಿ ಅಂಟಿಸುವುದೂ ಅಷ್ಟೇ ದೊಡ್ಡ ತಪ್ಪು. ಥೈರಾಯ್ಡ್ ಕೊರತೆ ಇವರಲ್ಲಿ ಬಹಳ ಸಾಮಾನ್ಯ. ಕಿವಿ ಮಂದವಾಗಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು, ಹಲ್ಲುನೋವನ್ನು ಹೇಳಲು ಬಾರದಿರಬಹುದು, ಅಪ್ಪ ತೀರಿಕೊಂಡ ದುಃಖವೂ ಇರಬಹುದು. ಇವೆಲ್ಲಕ್ಕೂ ಪರಿಹಾರ ಇದೆ. ಮೊದಲು ಇವನ್ನು ಪರೀಕ್ಷಿಸಿ ಎಂದು ವೈದ್ಯರನ್ನು ನೀವೇ ಕೇಳಿ.

ಡಿಮೆನ್ಷಿಯಾ ಇದೆಯೇ ಎಂದು ನೋಡಲು ಮಾಡಿಸುವ, ನೂರರಿಂದ ಏಳೇಳು ಕಳೆಯುವ ಪರೀಕ್ಷೆ ಅವನಿಗೆ ಬೇಡ. ಅದು ಅವನಿಗೆ ಎಂದೂ ಬರುತ್ತಿರಲಿಲ್ಲ. ಅವನನ್ನು ಹೋಲಿಸಬೇಕಾದದ್ದು ಹಿಂದಿನ ಅವನೊಂದಿಗೇ. ಅವನು ಅಂಗಿಗೆ ಗುಂಡಿ ಹಾಕಿಕೊಳ್ಳುವುದು, ಊಟ ಮಾಡುವುದು, ಮೆಟ್ಟಿಲು ಇಳಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಇನ್ನೂ ಚಿಕ್ಕ ವಯಸ್ಸಿನವರಿದ್ದರೆ 35ರಿಂದಲೇ ವರ್ಷಕ್ಕೊಮ್ಮೆ ಹೀಗೆ ದಾಖಲಿಸಿಡಿ.

ಇನ್ನು ಬಚ್ಚಲಿನ ಬಾಗಿಲು. ಮಿದುಳು ಸೋತಾಗ ಆಳದ ಅಂದಾಜು ತಪ್ಪುತ್ತದೆ, ಕಪ್ಪು ನೆಲ ಹೊಂಡದಂತೆ ಕಾಣುತ್ತದೆ. ನಮ್ಮ ಮಳೆಗಾಲದ ಮಬ್ಬಿನಲ್ಲಂತೂ ಕೇಳುವುದೇ ಬೇಡ. ಪ್ರಖರ ದೀಪ ಹಾಕಿ, ಹೊಸ್ತಿಲಿಗೆ ಹಳದಿ ಬಣ್ಣ ಬಳಿಯಿರಿ, ಕೈ ಹಿಡಿದು ನಿಧಾನವಾಗಿ ಕರೆದೊಯ್ಯಿರಿ. ಗದರಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಅವನು ಮೊದಲು ಹೇಗಿದ್ದ ಎಂಬುದು ನಿಮ್ಮ ಅಮ್ಮನಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ. ಹಾಗೆಯೇ, ಮಗನಿಗೆ 18 ತುಂಬಿದ ಮೇಲೆ ತಾಯಿಯೂ ಕಾನೂನಿನ ಪ್ರಕಾರ ತಾನಾಗಿಯೇ ಪಾಲಕಿಯಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಪಾಲಕರನ್ನು ನೇಮಿಸುವಂತೆ ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಕೊಡಬಹುದು. ದೇವಿಮನೆ ಘಟ್ಟ ಇಳಿದು ಜಿಲ್ಲಾ ಕೇಂದ್ರ ಕಾರವಾರದವರೆಗೆ ಬಸ್ಸಿನಲ್ಲಿ ಕೂರುವ ಶಕ್ತಿ ಅಮ್ಮನಿಗೆ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ.