ಕುಂದಾಕ್ಕೆ ಬಂದ ಸೂತಕ

ಹತ್ತು-ಹನ್ನೊಂದು ವರ್ಷದ ಹಿಂದಿನ ಮಾತು. ಬೆಳಗಾವಿಯ ಒಂದು ಮಿಠಾಯಿ ಅಂಗಡಿಯವರು ಕುಂದಾದ ಫೋಟೊ ಬೇಕು ಅಂತ ಕರೆದರು. ಅಲ್ಲಿಯವರೆಗೆ ನನ್ನದು ಮದುವೆ, ಕುಬಸ, ಗೃಹಪ್ರವೇಶದ ಫೋಟೊ ತೆಗೆಯುವ ಕಸುಬು. ಊಟ-ತಿಂಡಿಯ ಫೋಟೊಗೆ ಆಗಷ್ಟೇ ಇಳಿದಿದ್ದೆ. ರಾತ್ರಿಯೆಲ್ಲ ಕೂತು ಹೊರದೇಶದವರ ಚಿತ್ರ ನೋಡಿ ತಲೆ ತುಂಬಿಸಿಕೊಂಡಿದ್ದೆ. ಪ್ಲೈವುಡ್‌ಗೆ ಕಪ್ಪು ಬಣ್ಣ ಬಳಿದೆ. ಅದರ ಮೇಲೆ ಗೋಣಿತಟ್ಟು ಹಾಸಿದೆ. ಕಿಲುಬು ಹಿಡಿದ ಹಿತ್ತಾಳೆ ಚಮಚ ಒಂದನ್ನು ಹುಡುಕಿ ತಂದೆ. ಕಿಟಕಿ ಮುಚ್ಚಿ ಒಂದು ಸಂದಿಯಿಂದ ಮಾತ್ರ ಬೆಳಕು ಬಿಟ್ಟೆ. ನನ್ನ ಕಣ್ಣಿಗೆ ಅದು ಭಾರಿ ಕಲೆ.

ಮಾಲೀಕರು ಲ್ಯಾಪ್‌ಟಾಪ್ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಫೋಟೊ ಚಲೋ ಐತ್ರಿ. ಆದ್ರ ನಮ್ಮ ಕುಂದಾಕ್ಕ ಏನರ ಸೂತಕ ಬಂದೈತೇನ್ರಿ?”

ದುಡ್ಡು ಕೊಟ್ಟರು, ಫೋಟೊ ಬಳಸಲಿಲ್ಲ. ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಫೋಟೊ ತೆರೆದು ನೋಡಿದೆ. ಕುಂದಾ ಮೊದಲೇ ಕಂದು. ಹಾಲು, ಸಕ್ಕರೆ ಬೆಂದು ಬೆಂದು ಬಂದ ಬಣ್ಣ ಅದು. ಅದನ್ನು ಕಪ್ಪು ಹಲಗೆ ಮೇಲಿಟ್ಟು, ಕತ್ತಲಲ್ಲಿ ಮುಚ್ಚಿದರೆ ಏನು ಕಾಣಬೇಕು? ಕುಂದಾದ ಜೀವ ಇರೋದು ಆ ಹರಳು ಹರಳಿನಲ್ಲಿ, ಮೇಲಿನ ತುಪ್ಪದ ಮಿರುಗಿನಲ್ಲಿ. ಎರಡೂ ಫೋಟೊದಲ್ಲಿ ಇರಲಿಲ್ಲ. ಕಾಣಿಸಿದ್ದು ಚಮಚ ಒಂದೇ.

ಆ ಕತ್ತಲೆ ಶೈಲಿ ಕೆಟ್ಟದ್ದೇನಲ್ಲ. ಅದಕ್ಕೂ ಒಂದು ಊರಿದೆ, ಅಷ್ಟೇ. 17ನೇ ಶತಮಾನದ ಡಚ್ ಚಿತ್ರಕಾರರು ಬ್ರೆಡ್ಡು, ಚೀಸು, ಅರ್ಧ ಸುಲಿದ ನಿಂಬೆಹಣ್ಣು ಬರೆದದ್ದು ಹೀಗೇ. ಪಕ್ಕದಿಂದ ಬೆಳಕು, ಹಿಂದೆ ಕತ್ತಲೆ. ಆಮ್‌ಸ್ಟರ್‌ಡ್ಯಾಮ್ ಇರೋದು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿ ನಡು ಮಧ್ಯಾಹ್ನ ಕೂಡ ಸೂರ್ಯ 15 ಡಿಗ್ರಿ ಎತ್ತರಕ್ಕೂ ಏರೋದಿಲ್ಲ. ಬೆಳಕು ಕಿಟಕಿಯಿಂದ ಅಡ್ಡಡ್ಡ ಬರದೆ ಇನ್ನೆಲ್ಲಿಂದ ಬಂದೀತು? ನಮ್ಮ ವಿಜಯಪುರ ಇರೋದು 16.8 ಡಿಗ್ರಿಯಲ್ಲಿ. ಮೇ ಮೊದಲ ವಾರದ ಆಸುಪಾಸು, ಮತ್ತೆ ಆಗಸ್ಟ್ ಮೊದಲ ವಾರದ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನಿಂತವರ ನೆರಳು ಕಾಲಡಿಯಲ್ಲೇ.

ನಮ್ಮದು ಅದೇ ಜಿಲ್ಲೆಯ ಹಳ್ಳಿ. ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ, ಕಿಟಕಿ ಹೆಸರಿಗೆ ಮಾತ್ರ. ಅಡುಗೆ ಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ. ಅವ್ವ ರೊಟ್ಟಿ ಬಡಿಯುವಾಗ ಹಿಟ್ಟಿನ ಧೂಳು ಆ ಬೆಳಕಿನ ಕೋಲಿನೊಳಗೆ ಮೇಲೇರೋದು. ಒಲೆಯ ಹೊಗೆಯೂ ಅದೇ ದಾರಿ ಹಿಡಿಯೋದು. ನಾವು ಫರಸಿ ಕಲ್ಲಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. ಬೆಳಕು ನೆತ್ತಿಯಿಂದ ತಾಟಿಗೆ ಬೀಳುತ್ತಿತ್ತು. ಸುತ್ತ ಅರೆಗತ್ತಲೆ.

ಫೋಟೊಗ್ರಫಿ ಕಲಿಸುವವರು ಮೇಲಿನಿಂದ ಬೀಳುವ ಬೆಳಕು ಬೇಡ ಅನ್ನುತ್ತಾರೆ. ಪದಾರ್ಥ ಚಪ್ಪಟೆ ಕಾಣುತ್ತದೆ, ಪಕ್ಕದಿಂದಲೋ ಹಿಂದಿನಿಂದಲೋ ಕೊಡಿ ಅಂತ. ಮಾತು ಸರಿಯೇ. ಆದರೆ ನನಗೆ ಊಟ ಅಂದರೆ ನೆನಪಾಗೋದು ಆ ಬೆಳಕು. ಅದನ್ನು ಪಳಗಿಸೋಕೆ ಒಂದು ವರ್ಷ ಹಿಡಿಯಿತು.

ಬೆಳಗಾವಿಯ ಮನೆಯ ಹಿತ್ತಲಲ್ಲಿ ಪತ್ರಾಸಿನ (ತಗಡಿನ) ಶೆಡ್ ಇತ್ತು. ಒಂದು ಪತ್ರಾಸ್ ತೆಗೆದು ಅಲ್ಲಿ ಬಿಳಿ ಫೈಬರ್ ಶೀಟ್ ಹಾಕಿಸಿದೆ. ಮೊದಲು ಹಸಿರು ಶೀಟ್ ತಂದಿದ್ದೆ, ಅಗ್ಗಕ್ಕೆ ಸಿಕ್ಕಿತು ಅಂತ. ಅನ್ನವೂ ಹಸಿರು, ಮೊಸರೂ ಹಸಿರು. ಅದನ್ನು ಮರುದಿನವೇ ಕಿತ್ತೆಸೆದೆ. ಶೀಟಿನ ಕೆಳಗೆ ಒಂದು ಹಳೇ ಧೋತರ ಕಟ್ಟಿದೆ. ಬೆಳಕು ಮೆತ್ತಗಾಯಿತು. ಆದರೂ ತಾಟನ್ನು ನೇರ ಅದರ ಕೆಳಗಿಟ್ಟರೆ ಚಪ್ಪಟೆಯೇ. ಒಂದೂವರೆ ಅಡಿ ನನ್ನ ಕಡೆ ಎಳೆದುಕೊಂಡೆ. ಈಗ ಬೆಳಕು ಮೇಲಿನಿಂದ, ಆದರೆ ಸ್ವಲ್ಪ ತಾಟಿನ ಹಿಂದಿನಿಂದ ಬರುತ್ತಿತ್ತು. ಪದಾರ್ಥದ ಮುಂದೆ ಸಣ್ಣ ನೆರಳು ಬಿತ್ತು. ಉಬ್ಬು-ತಗ್ಗು ಎದ್ದು ಕಂಡಿತು. ಬೆಳಗಾವಿಯ ಮಳೆಗಾಲದಲ್ಲಿ ಇದೆಲ್ಲ ನಡೆಯೋದಿಲ್ಲ ಬಿಡಿ. ಆಗ ಎಲ್‌ಇಡಿ ದೀಪವನ್ನು ಅದೇ ಜಾಗದಲ್ಲಿ ಮೇಲೆ ತೂಗುಹಾಕಿ ಕೆಲಸ ಸಾಗಿಸುತ್ತೇನೆ.

ಇನ್ನು ಕ್ಯಾಮೆರಾದ ಕೋನ. ಕಲಿಯೋಕೆ ಬಂದವರಿಗೆಲ್ಲ 45 ಡಿಗ್ರಿ ಅಂತ ಬಾಯಿಪಾಠ ಆಗಿರುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಅದು ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಉಣ್ಣುವವರ ಕಣ್ಣಿನ ಕೋನ. ನೆಲದ ಮೇಲೆ ಕೂತು ಒಮ್ಮೆ ಅಳೆದು ನೋಡಿ. ದೊಡ್ಡವರ ಕಣ್ಣು ನೆಲದಿಂದ ಹೆಚ್ಚುಕಡಿಮೆ ಎರಡೂವರೆ ಅಡಿ ಮೇಲೆ. ತಾಟಿನ ನಡು ಒಂದೂಕಾಲು ಅಡಿ ಮುಂದೆ. ಲೆಕ್ಕ ಹಾಕಿದರೆ 60 ಡಿಗ್ರಿ ದಾಟುತ್ತದೆ. ನನ್ನ ಹಳೇ ಫೋಟೊಗಳನ್ನು ತೆಗೆದು ನೋಡಿದೆ. ಗಿರಾಕಿಗಾಗಿ ತೆಗೆದದ್ದಲ್ಲ, ಸುಮ್ನೆ ತೆಗೆದದ್ದು. ಮುಕ್ಕಾಲು ಪಾಲು ಅದೇ ಕೋನದಲ್ಲಿ ಇದ್ದವು! ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಈ ಕೋನಕ್ಕೆ, ಈ ಬೆಳಕಿಗೆ ಒಂದು ತೊಂದರೆ ಇದೆ. ಎಣ್ಣೆಗಾಯಿ. ಬದನೆಕಾಯಿ ಮೇಲೆ ತೇಲುವ ಎಣ್ಣೆ ಕನ್ನಡಿಯಂತೆ. ಬೆಳಕು ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಎದ್ದುಹೋಗುತ್ತದೆ. ಕ್ಯಾಮೆರಾ ಸರಿಯಾಗಿ ಆ ದಾರಿಗೆ ಅಡ್ಡ ನಿಂತರೆ ಪಲ್ಯದ ಮೇಲೆ ಬಿಳಿ ಕಲೆ, ಮಸಾಲೆಯ ಬಣ್ಣವೇ ಮಾಯ. ಕ್ಯಾಮೆರಾವನ್ನು ನಾಲ್ಕು ಬೆರಳು ಅತ್ತಿತ್ತ ಸರಿಸಿ. ಕಲೆ ಒಡೆದು ಸಣ್ಣ ಸಣ್ಣ ಮಿರುಗಾಗುತ್ತದೆ. ಅಷ್ಟು ಸಾಕು. ಎಣ್ಣೆಯನ್ನು ಟಿಶ್ಯೂ ಹಾಕಿ ಒತ್ತಿ ತೆಗೆಯುವವರನ್ನು ನೋಡಿದ್ದೇನೆ. ಎಣ್ಣೆ ಇಲ್ಲದ್ದು ಎಂಥ ಎಣ್ಣೆಗಾಯಿ?

ರೊಟ್ಟಿಯ ಕಥೆ ಬೇರೆ. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಹಚ್ಚುತ್ತಾರಲ್ಲ, ಆ ಅರಿವೆಯ ಗೆರೆ ರೊಟ್ಟಿ ಮೇಲೆ ಉಳಿಯುತ್ತದೆ. ಬಡಿದ ಬೆರಳಿನ ಗುರುತೂ ಉಳಿಯುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಇವೆಲ್ಲ ಅಳಿಸಿಹೋಗಿ ರೊಟ್ಟಿ ರಟ್ಟಿನಂತೆ ಕಾಣುತ್ತದೆ. ಬೆಳಕು ಸವರಿಕೊಂಡು ಹೋಗಬೇಕು. ಜೊತೆಗೆ, ಫ್ರೇಮ್ ತುಂಬ ಬಿಳಿ ಜೋಳದ ರೊಟ್ಟಿ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ. ಬಿಳಿಯನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ರಂಜಕಕ್ಕೆ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಗೆ, ಇದರ ಉಲ್ಟಾ. ಆ ಕೆಂಪು ಎಷ್ಟು ಗಾಢ ಅಂದರೆ ಹಿಸ್ಟೊಗ್ರಾಂನಲ್ಲಿ (ಫೋಟೊದ ಬೆಳಕು-ಬಣ್ಣ ಎಷ್ಟೆಷ್ಟು ಅಂತ ತೋರಿಸುವ ನಕ್ಷೆ) ಕೆಂಪು ಗೆರೆ ಒಂದೇ ಬಲಗಡೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಮೆಣಸಿನ ಬೀಜ, ಬೆಳ್ಳುಳ್ಳಿ ಚೂರು ಏನೂ ಕಾಣದೆ ಕೆಂಪು ಬಣ್ಣದ ಮುದ್ದೆ ಉಳಿಯುತ್ತದೆ. ಸ್ವಲ್ಪ ಇಳಿಸಿ. ಹಾಗಾದರೆ ರೊಟ್ಟಿ, ರಂಜಕ ಒಂದೇ ತಾಟಿನಲ್ಲಿ ಇದ್ದರೆ? ರೊಟ್ಟಿಯನ್ನು ಬೆಳಕಿನ ಕಡೆ ಇಡಿ, ರಂಜಕವನ್ನು ಅದರ ಅಂಚಿನ ನೆರಳಿಗೆ ಸರಿಸಿ. ಉಣ್ಣುವವರು ಹೇಗೂ ಚಟ್ನಿಯನ್ನು ತಾಟಿನ ಮೂಲೆಗೇ ಹಾಕಿಕೊಳ್ಳುತ್ತಾರೆ.

ಇಳಕಲ್ ಸೀರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಉತ್ತರ ಕರ್ನಾಟಕದ ಊಟ ಅಂದ ಕೂಡಲೇ ರೊಟ್ಟಿ ಕೆಳಗೆ ಇಳಕಲ್ ಸೆರಗು ಹಾಸುತ್ತಾರೆ, ಪಕ್ಕಕ್ಕೆ ಕಂಚಿನ ಚೊಂಬು. ಸೆರಗಿನ ಮೇಲೆ ಎಣ್ಣೆಗಾಯಿ ಇಟ್ಟು ಉಂಡವರನ್ನು ನಾನಂತೂ ಕಂಡಿಲ್ಲ. ನಮ್ಮವ್ವ ನೋಡಿದರೆ ಬೆನ್ನಿಗೆರಡು ಬಿಡುತ್ತಿದ್ದಳು. ನಾವು ಉಂಡದ್ದು ಸ್ಟೀಲ್ ತಾಟಿನಲ್ಲಿ. ಸ್ಟೀಲ್ ಹೊಳೆಯುತ್ತದೆ, ಫೋಟೊಗ್ರಾಫರನ ಮುಖವೇ ಕಾಣುತ್ತದೆ ಅಂತ ಎಲ್ಲರೂ ದೂರ ಇಡುತ್ತಾರೆ. ಹೊಸ ತಾಟು ಹಾಗೇ. ಇಪ್ಪತ್ತು ವರ್ಷ ಬೂದಿ ಹಾಕಿ ತಿಕ್ಕಿದ ತಾಟು ತನ್ನಿ. ಸಾವಿರ ಗೀರು ಬಿದ್ದಿರುತ್ತದೆ. ಆ ಗೀರುಗಳು ಬೆಳಕನ್ನು ಚದುರಿಸುತ್ತವೆ. ಮಂಕಾದ ಬೆಳ್ಳಿಯಂತೆ ಕಾಣುತ್ತದೆ. ಕೆಳಗೆ ಶಹಾಬಾದ್ ಫರಸಿ ಒಂದು ತುಂಡು. ನನ್ನ ಪ್ರಾಪ್ ಎಲ್ಲ ಇಷ್ಟೇ: ಐದು ತಾಟು, ಏಳೆಂಟು ವಾಟಗಾ (ಬಟ್ಟಲು), ಎರಡು ಫರಸಿ, ಒಂದು ರೊಟ್ಟಿ ಬುಟ್ಟಿ.

ಇದು ನನ್ನ ದಾರಿ. ನೀವೂ ಫರಸಿ ತನ್ನಿ ಅನ್ನುತ್ತಿಲ್ಲ. ಕಳೆದ ವರ್ಷ ಗೋಕಾಕದ ಹುಡುಗಿಯೊಬ್ಬಳು ಬಂದಿದ್ದಳು. “ಸರ್, ನನ್ನ ಸ್ಟೈಲ್ ಯಾವುದಂತ ಗೊತ್ತಾಗವಲ್ತು” ಅಂದಳು. ತೋರಿಸಿದ್ದು ನಲವತ್ತು ಫೋಟೊ. ಎಲ್ಲ ಚೊಕ್ಕ, ಎಲ್ಲ ಎಲ್ಲೋ ನೋಡಿದ್ದೇ. “ಅಳಿಸಿ ಹಾಕಿದ್ದು ಯಾವುದರ ಉಳಿದಾವೇನು?” ಅಂತ ಕೇಳಿದೆ. ನಾಚಿಕೊಂಡೇ ಫೋನಿನ ಕಸದ ಬುಟ್ಟಿ ತೆಗೆದಳು. ಅದರಲ್ಲಿ ಬರೀ ಮುರಿದ ರೊಟ್ಟಿ, ಕಚ್ಚಿದ ಮಿರ್ಚಿ ಭಜಿ, ಅರ್ಧ ಖಾಲಿಯಾದ ಗಿರ್ಮಿಟ್ ತಾಟು, ಅಂಚಿನಲ್ಲಿ ಯಾರದೋ ಕೈ. “ಏನ ಮಾಡ್ಲಿ ಸರ್, ತಡಕೊಳ್ಳಾಕ ಆಗಂಗಿಲ್ಲ, ಮೊದ್ಲ ತಿಂದಬಿಡ್ತೀನಿ” ಅಂದಳು.

ಅದೇ ಅವಳದ್ದು. ಅದರಲ್ಲಿ ಒಂದು ಫೋಟೊ ಇವತ್ತಿಗೂ ನನ್ನ ಕಣ್ಣಲ್ಲಿದೆ. ಮುರಿದ ಕರದಂಟು. ಇಡೀ ಕರದಂಟು ನೋಡೋಕೆ ಒಂದು ಕಂದು ಹೆಂಟೆ, ಅಲ್ವಾ? ಮುರಿದ ಕಡೆಯಲ್ಲಿ ತುಪ್ಪದಲ್ಲಿ ಉಬ್ಬಿದ ಅಂಟು, ಉತ್ತತ್ತಿಯ ಎಳೆ, ಒಣಕೊಬ್ಬರಿಯ ಬಿಳಿ, ಗೋಡಂಬಿಯ ಅರ್ಧ ಚಂದ್ರ. ಬೆಲ್ಲದ ಪಾಕ ಅಲ್ಲಲ್ಲಿ ದೀಪದಂತೆ ಹೊಳೆಯುತ್ತಿತ್ತು. ಪಕ್ಕದ ಬಾಗಿಲಿನ ಬೆಳಕು ಸರಿಯಾಗಿ ಮುರಿದ ಮುಖಕ್ಕೇ ಬಿದ್ದಿತ್ತು. ಇಷ್ಟು ಚಂದದ್ದನ್ನು ಅವಳು ಅಳಿಸಿದ್ದಳು. ಹಲ್ಲಿನ ಗುರುತು ಕಾಣುತ್ತದೆ ಅಂತ!

ಹಾಗಾಗಿ ಯಾರೇ ಬರಲಿ, ಮೊದಲು ಕಸದ ಬುಟ್ಟಿ ನೋಡುತ್ತೇನೆ. ಆಮೇಲೆ ಮೆಟಾಡೇಟಾ, ಅಂದರೆ ಪ್ರತಿ ಫೋಟೊ ಜೊತೆ ಕ್ಯಾಮೆರಾ ಬರೆದಿಡುವ ವಿವರ. ಫೋಟೊ ಜೋಡಿಸಿ ತಿದ್ದುವ ತಂತ್ರಾಂಶ ಲೈಟ್‌ರೂಂ ಕ್ಲಾಸಿಕ್‌ನಲ್ಲಿ ಯಾವ ಫೋಕಲ್ ಲೆಂತ್‌ನಲ್ಲಿ (ಲೆನ್ಸ್ ಎಷ್ಟು ಅಗಲ, ಎಷ್ಟು ಹತ್ತಿರ ತೋರಿಸುತ್ತದೆ ಅನ್ನುವ ಅಳತೆ) ಎಷ್ಟು ಫೋಟೊ ತೆಗೆದಿದ್ದೀರಿ ಅಂತ ಲೆಕ್ಕ ಸಿಗುತ್ತದೆ. ಹತ್ತಿರ ಹೋಗಿ ತೆಗೆಯೋರಾ, ದೂರ ನಿಲ್ಲೋರಾ ಅಂತ ನಿಮಗಿಂತ ಚೆನ್ನಾಗಿ ಅದು ಹೇಳುತ್ತದೆ. ಗೊತ್ತಾದ ಮೇಲೆ ಒಂದು ತಿಂಗಳು ಅದೇ ಲೆನ್ಸ್, ಅದೇ ಕಿಟಕಿ, ಮನೆಯಲ್ಲಿ ಅವತ್ತು ಮಾಡಿದ ಅಡುಗೆ. ಫೋನ್ ಆದರೂ ನಡೆದೀತು. ಆದರೆ ಮುಖ್ಯ ಕ್ಯಾಮೆರಾ ಬಹಳ ಅಗಲ ನೋಡುತ್ತದೆ, ಹತ್ತಿರ ಹಿಡಿದರೆ ತಾಟಿನ ಅಂಚು ಎಳೆದಂತಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್ ಹಾಕಿ. ಪ್ರಿಸೆಟ್ ಕೊಳ್ಳುವ ದುಡ್ಡಲ್ಲಿ ಒಂದು ಒಳ್ಳೆ ಊಟ ಮಾಡಿ. ಪ್ರಿಸೆಟ್ ಅಂದರೆ ಫೋಟೊದ ಬಣ್ಣ ಒಂದೇ ಒತ್ತಿಗೆ ಬದಲಿಸುವ ರೆಡಿಮೇಡ್ ಸೆಟ್ಟಿಂಗ್, ಬೇರೆಯವರ ಕನ್ನಡಕ. ಮೆಂತ್ಯ ಪಲ್ಯ ಅದರಲ್ಲಿ ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ.

ಹೊಟ್ಟೆಪಾಡಿನ ಕೆಲಸದಲ್ಲಿ ಇದೆಲ್ಲ ನಡೆಯುತ್ತದಾ ಅಂತ ಕೇಳುತ್ತಾರೆ. ಜಾಸ್ತಿ ನಡೆಯೋದಿಲ್ಲ. ಹೋಟೆಲ್ ಮೆನುವಿಗೆ ಮೂವತ್ತು ಪದಾರ್ಥ ಒಂದೇ ದಿನ ತೆಗೆಯಬೇಕಾದಾಗ ಬಿಳಿ ಹಿನ್ನೆಲೆ, ಒಂದೇ ಬೆಳಕು, ಬೇಗ ಮುಗಿಸಿ ಮನೆಗೆ. ಅಲ್ಲಿ ನನ್ನ ಬೆಳಕಿಂಡಿ ಯಾರಿಗೂ ಬೇಡ.

ಎರಡು ವರ್ಷದ ಹಿಂದೆ ಅದೇ ಮಿಠಾಯಿ ಅಂಗಡಿಯವರು ಮತ್ತೆ ಕರೆದರು. ಈ ಸಲ ಕಪ್ಪು ಹಲಗೆ ಒಯ್ಯಲಿಲ್ಲ. ಕುಂದಾವನ್ನು ಹಳೇ ತಾಟಿಗೆ ಹಾಕಿ ಅಂಗಡಿಯ ಹಿಂದಿನ ಅಂಗಳದಲ್ಲಿ, ಧೋತರದ ಕೆಳಗೆ, ನೆಲದ ಮೇಲಿಟ್ಟೆ. ನಾನೂ ನೆಲಕ್ಕೆ ಕೂತೆ. ಹರಳು ಹರಳಾಗಿ ಕಂಡಿತು, ತುಪ್ಪ ಮಿರುಗಿತು. ಮಾಲೀಕರು ಬಂದು ಕ್ಯಾಮೆರಾದ ಪರದೆ ನೋಡಿದರು.

“ಹಾಂ, ಇದು ನಮ್ಮ ಕುಂದಾ ನೋಡ್ರಿ” ಅಂದರು. ಮತ್ತೆ ಬಗ್ಗಿ ನೋಡಿದರು. “ಆದ್ರ ಪಾವ್ ಕಿಲೋ ಹಾಕೇವಿ, ಇಷ್ಟ ಕಾಣ್ತೈತೇನ್ರಿ? ಗಿರಾಕಿ ತೂಕದಾಗ ಹೊಡದಾರ ಅಂತಾರ.”

ಮೇಲಿನಿಂದ ನೋಡಿದರೆ ಗುಪ್ಪೆಯ ಎತ್ತರ ತಿಳಿಯೋದಿಲ್ಲ. ಅವರು ಹೇಳಿದ್ದು ನಿಜ. ಬೆಳಕು ಹಾಗೇ ಬಿಟ್ಟು ಕ್ಯಾಮೆರಾವನ್ನು ಒಂದು ಗೇಣು ಕೆಳಗಿಳಿಸಿದೆ.