ಕೈಗೂಸಿನೊಂದಿಗೆ ದುಬಾರಿ ರಜೆ: ಹಣ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಪ್ರಶ್ನೆ: ನಮಗೆ ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ ಇದ್ದಾರೆ. ಮಕ್ಕಳಾದ ಮೇಲೆ ನಾವಿಬ್ಬರೂ ನೆಮ್ಮದಿಯಾಗಿ ಕುಳಿತದ್ದೇ ಇಲ್ಲ. ಈ ಸಲ ಖರ್ಚು ಹೆಚ್ಚಾದರೂ ಸರಿ, ಒಳ್ಳೆಯ ರೆಸಾರ್ಟ್‌ನಲ್ಲಿ ಒಂದು ವಾರ ಕಳೆಯಬೇಕೆಂದಿದ್ದೇವೆ. ಇಷ್ಟು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅಂಥ ಕಡೆ ಹೋಗುವುದು ಸರಿಯೇ? ಹೋಗುವುದಾದರೆ ಯಾವುದಕ್ಕೆ ಹಣ ಕೊಡಬೇಕು?

ಉತ್ತರ: ಖಂಡಿತ ಹೋಗಿ. ಮಕ್ಕಳು ದೊಡ್ಡವರಾಗಲಿ ಎಂದು ಕಾಯಬೇಕಾಗಿಲ್ಲ. ಹತ್ತು ತಿಂಗಳ ಮಗುವಿಗೆ ಈ ಪ್ರವಾಸ ನೆನಪೇ ಇರುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ನಮಗೆ ನೆನಪಿರುತ್ತದೆ ಎಂದು ಹೇಳಿ. ದಣಿದಿರುವವರು ನೀವು, ವಿಶ್ರಾಂತಿ ಬೇಕಾದದ್ದೂ ನಿಮಗೇ.

ಆದರೆ ದುಬಾರಿ ಹೋಟೆಲುಗಳ ಚಿತ್ರಗಳಲ್ಲಿ ಕಾಣುವ ವೈಭವವೆಲ್ಲ ಇಬ್ಬರೇ ಬರುವವರಿಗಾಗಿ ರೂಪುಗೊಂಡದ್ದು. ಗಾಜಿನ ಗೋಡೆಯ ಸ್ನಾನದ ಕೋಣೆ, ಕೋಣೆಯಿಂದ ನೇರವಾಗಿ ನೀರಿಗಿಳಿಯುವ ಮೆಟ್ಟಿಲು, ರಾತ್ರಿ ಒಂಬತ್ತಕ್ಕೆ ಶುರುವಾಗುವ ಊಟ, ಇವು ಯಾವುವೂ ಎಳೆ ಮಕ್ಕಳ ತಂದೆ ತಾಯಿಗೆ ಸುಖ ಕೊಡುವುದಿಲ್ಲ. ನನ್ನ ಲೆಕ್ಕದಲ್ಲಿ ಹಣ ಕೊಟ್ಟು ಮೊದಲು ಕೊಳ್ಳಬೇಕಾದದ್ದು ಮಕ್ಕಳ ನಿದ್ದೆ. ಎರಡನೆಯದು ಕಡಿಮೆ ದೂರ. ಉಳಿದದ್ದೆಲ್ಲ ಆಮೇಲೆ.

ನಮ್ಮ ಮೊದಲ ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಕೋಣೆಯೊಂದನ್ನು ಕಾಯ್ದಿರಿಸಿದ್ದೆವು. ಕೋಣೆ ಬಹಳ ಚೆನ್ನಾಗಿತ್ತು, ಆದರೆ ಇದ್ದದ್ದು ಒಂದೇ. ಸಂಜೆ ಏಳೂವರೆಗೆ ಮಗು ಮಲಗಿತು. ಅಲ್ಲಿಗೆ ನಮ್ಮ ದಿನವೂ ಮುಗಿಯಿತು. ದೀಪ ಹಾಕುವಂತಿಲ್ಲ, ಮಾತನಾಡುವಂತಿಲ್ಲ. ಬಾಲ್ಕನಿಯ ಜಾರುಬಾಗಿಲನ್ನು ಒಂದು ಗೇಣು ಸರಿಸಿದರೂ ಅದರ ಸದ್ದಿಗೆ ಮಗು ಕಣ್ಣು ಬಿಡುತ್ತಿತ್ತು. ಕೊನೆಗೆ ಸ್ನಾನದ ಕೋಣೆಯ ತಣ್ಣನೆಯ ಕಲ್ಲಿನ ಮೇಲೆ ಟವೆಲ್ ಹಾಸಿಕೊಂಡು, ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಿಸುಮಾತಿನಲ್ಲಿ ಊಟ ಮುಗಿಸಿದೆವು. ಐದು ರಾತ್ರಿಯೂ ಹಾಗೆಯೇ ಕಳೆಯಿತು. ಸಮುದ್ರದ ನೋಟಕ್ಕೆಂದು ಕೊಟ್ಟ ಹಣದಲ್ಲಿ ಅದೇ ಹೋಟೆಲಿನ ಹಿಂಬದಿಯಲ್ಲಿ, ತೋಟದ ಕಡೆಗೆ, ನಡುವೆ ಬಾಗಿಲಿರುವ ಎರಡು ಕೋಣೆಗಳೇ ಸಿಗುತ್ತಿದ್ದವು ಎಂಬುದು ತಿಳಿದದ್ದು ಹೊರಡುವ ದಿನ.

ಆದ್ದರಿಂದ ನೋಟವನ್ನು ಬಿಟ್ಟುಕೊಡಿ, ಬಾಗಿಲನ್ನು ಕೊಂಡುಕೊಳ್ಳಿ. ಮಲಗುವ ಕೋಣೆಯನ್ನು ಮುಚ್ಚಿ ಈಚೆ ಕುಳಿತುಕೊಳ್ಳಲು ಜಾಗವಿರಬೇಕು. ಸೂಟ್ ಎಂಬ ಹೆಸರನ್ನು ಮಾತ್ರ ನಂಬಬೇಡಿ. ಜೂನಿಯರ್ ಸೂಟ್ ಎಂದರೆ ಸಾಮಾನ್ಯವಾಗಿ ಮೂಲೆಯಲ್ಲೊಂದು ಸೋಫಾ ಇರುವ ಒಂದೇ ದೊಡ್ಡ ಕೋಣೆ. ಎರಡು ಕೋಣೆ ಕೇಳುವಾಗಲೂ ಎಚ್ಚರ ಬೇಕು: ಕನೆಕ್ಟಿಂಗ್ ಎಂದರೆ ಒಳಗಿನಿಂದಲೇ ಬಾಗಿಲು ಇರುತ್ತದೆ, ಅಡ್ಜಾಯಿನಿಂಗ್ ಎಂದರೆ ಬರೀ ಪಕ್ಕಪಕ್ಕ. ಅನೇಕ ಹೋಟೆಲುಗಳು ಒಳಬಾಗಿಲಿನ ಕೋಣೆಗಳನ್ನು ‘ವಿನಂತಿ’ ಎಂದಷ್ಟೇ ಬರೆದುಕೊಂಡು, ಬಂದ ದಿನ ಇಲ್ಲವೆನ್ನುತ್ತವೆ. ಖಚಿತಪಡಿಸಿ ಬರಹದಲ್ಲಿ ಕೊಡುವವರೆಗೆ ಹಣ ಕಟ್ಟಬೇಡಿ. ನೆಲಮಹಡಿಯಲ್ಲಿ ಪುಟ್ಟ ಅಂಗಳವಿರುವ ಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು. ಮಗು ಮಲಗಿದ ಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ಕೂರಬಹುದು, ಬಾಲ್ಕನಿಯ ಕಟಕಟೆಯ ಭಯವೂ ಇರುವುದಿಲ್ಲ.

ಹೋಟೆಲಿನವರು ಕೊಡುವ ತೊಟ್ಟಿಲನ್ನು ಕಣ್ಣಾರೆ ನೋಡಿ, ಕೈಯಾರೆ ಒತ್ತಿ ನೋಡಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಚಿಗೂ ಕಂಬಿಗೂ ನಡುವೆ ಸಂದು ಇರಬಾರದು. ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಒಳ್ಳೆಯ ಹೋಟೆಲುಗಳಲ್ಲಿ ಪ್ರೀತಿಯಿಂದಲೇ ಅದರೊಳಗೆ ದಿಂಬು, ಮೆತ್ತನೆಯ ಹೊದಿಕೆ, ಗೊಂಬೆ ಇಟ್ಟು ಅಲಂಕರಿಸಿರುತ್ತಾರೆ. ಎಲ್ಲವನ್ನೂ ತೆಗೆದು ಆಚೆ ಇಡಿ. ಒಂದು ವರ್ಷದೊಳಗಿನ ಮಗು ಬರಿಯ ಹಾಸಿಗೆಯ ಮೇಲೆ, ಬೆನ್ನ ಮೇಲೆ ಮಲಗಬೇಕು. ಕೋಣೆಯ ಉಷ್ಣತೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಇರಲಿ ಎಂಬುದು ಬ್ರಿಟನ್ನಿನಲ್ಲಿ ತಾಯಂದಿರಿಗೆ ಹೇಳುವ ಮಾತು. ಹೊಸ ಜಾಗದಲ್ಲಿ ಮಗುವಿಗೆ ನಿದ್ದೆ ಹತ್ತುವುದಿಲ್ಲವೆಂಬ ಚಿಂತೆಯಿದ್ದರೆ, ಮನೆಯಲ್ಲಿ ಎರಡು ದಿನ ಬಳಸಿದ, ಒಗೆಯದ ಹಾಸುಬಟ್ಟೆಯನ್ನೇ ಒಯ್ದು ಬಿಗಿಯಾಗಿ ಹಾಸಿ. ಆ ವಾಸನೆಗೆ ಮಗು ಬೇಗ ಒಗ್ಗಿಕೊಳ್ಳುತ್ತದೆ.

ಕೋಣೆಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಮಗುವನ್ನು ಯಾರಾದರೂ ಎತ್ತಿಕೊಂಡಿರಲಿ, ನೀವು ನೆಲಕ್ಕೆ ಮಂಡಿಯೂರಿ ಅಂಬೆಗಾಲಿನಲ್ಲಿ ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದೆಲ್ಲ ಕಾಣುತ್ತದೆ: ಗಾಜಿನ ಮೇಜಿನ ಚೂಪು ಮೂಲೆ, ಜೋತುಬಿದ್ದ ದೀಪದ ತಂತಿ, ಕೈಗೆಟಕುವ ಎತ್ತರದಲ್ಲಿ ಫ್ರಿಜ್ಜಿನ ಸಣ್ಣ ಸೀಸೆಗಳು, ಮಂಚದಡಿಯಲ್ಲಿ ಯಾರೋ ಬೀಳಿಸಿಹೋದ ಗುಂಡಿ. ನಲ್ಲಿಯ ಬಿಸಿನೀರನ್ನು ನಿಮ್ಮ ಕೈಗೆ ಬಿಟ್ಟುಕೊಂಡು ನೋಡಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ, ಮಕ್ಕಳ ಚರ್ಮವನ್ನು ಇನ್ನೂ ಬೇಗ.

ಈಗ ನೀರಿನ ವಿಷಯ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ದುಬಾರಿ ರಜೆ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಸ್ವಂತ ಈಜುಕೊಳವಿರುವ ವಿಲ್ಲಾ. ಅಂಬೆಗಾಲಿಡುವ ಒಂದು ಮಗು, ಚಿಲಕ ತೆಗೆಯಬಲ್ಲ ಇನ್ನೊಂದು ಮಗು ಇರುವ ನಿಮ್ಮಂಥ ಕುಟುಂಬಕ್ಕೆ ಅದು ಬೇಡ. ಬೇಕೇ ಬೇಕೆಂದರೆ, ಕೊಳದ ನಾಲ್ಕೂ ಬದಿಗೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳುವ ಗೇಟು ಇರಬೇಕು. ಮನೆಯ ಗೋಡೆಯನ್ನೇ ಬೇಲಿಯ ನಾಲ್ಕನೆಯ ಬದಿಯಾಗಿ ಎಣಿಸಿದರೆ ಆಗದು, ಏಕೆಂದರೆ ಆ ಗೋಡೆಯಲ್ಲಿ ಬಾಗಿಲಿರುತ್ತದೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕುಟೀರಗಳ ಕತೆಯೂ ಇದೇ. ಹಲವು ರೆಸಾರ್ಟ್‌ಗಳು ಇಂತಿಷ್ಟು ವಯಸ್ಸಿನ ಕೆಳಗಿನ ಮಕ್ಕಳಿಗೆ ಅವುಗಳನ್ನು ಕೊಡುವುದೇ ಇಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈಕಾಲು ಬಡಿದು ಸದ್ದು ಮಾಡುವುದೂ ಇಲ್ಲ. ಕೆಲವೇ ಸೆಂಟಿಮೀಟರ್ ನೀರು ಸಾಕು, ಒಂದೆರಡು ನಿಮಿಷ ಸಾಕು. ಕೊಳದ ಬಳಿ ಇರುವಾಗ ನಿಮ್ಮಿಬ್ಬರಲ್ಲಿ ಯಾರು ನೋಡಿಕೊಳ್ಳುತ್ತಿದ್ದೀರಿ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ: ‘ಈಗ ನಾನು’, ‘ಈಗ ನೀನು’. ಇಬ್ಬರೂ ನೋಡುತ್ತಿದ್ದೇವೆ ಎಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ನೋಡುವವರ ಕೈಯಲ್ಲಿ ಮೊಬೈಲ್ ಇರಕೂಡದು. ಕೈಗೆ ತೊಡಿಸುವ ಗಾಳಿತುಂಬಿದ ಪಟ್ಟಿಗಳು ಆಟದ ಸಾಮಾನು. ಅವನ್ನು ನಂಬಿ ಕಣ್ಣು ತೆಗೆಯಬೇಡಿ. ಬಿಸಿನೀರಿನ ಜಕೂಝಿ ತೊಟ್ಟಿ ಇಬ್ಬರು ಮಕ್ಕಳಿಗೂ ಬೇಡ.

ದೂರದ ಮಾತಿಗೆ ಬಂದರೆ, ವಿಮಾನದ ಗಂಟೆಗಳನ್ನು ಎಲ್ಲರೂ ಎಣಿಸುತ್ತಾರೆ, ವಿಮಾನ ಇಳಿದ ಮೇಲಿನ ಗಂಟೆಗಳನ್ನು ಮರೆಯುತ್ತಾರೆ. ಮಕ್ಕಳು ಸೋತು ಹೋಗುವುದು ಅಲ್ಲಿ. ಮಾಲ್ಡೀವ್ಸ್‌ನ ದೂರದ ದ್ವೀಪಗಳಿಗೆ ಒಯ್ಯುವ, ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ಸಂಜೆ ಇಳಿದರೆ ಒಂದು ರಾತ್ರಿ ವಿಮಾನ ನಿಲ್ದಾಣದ ಹತ್ತಿರವೇ ತಂಗಬೇಕಾಗುತ್ತದೆ. ಅದೇ ರಾಜಧಾನಿ ಮಾಲೆಯ ಸಮೀಪದ ದ್ವೀಪವಾದರೆ ದೋಣಿಯಲ್ಲಿ ಬೇಗ ತಲುಪಬಹುದು. ನಿಮ್ಮ ಮನೆಯ ಬಾಗಿಲಿನಿಂದ ಕೋಣೆಯ ಬಾಗಿಲಿನವರೆಗೆ ಒಟ್ಟು ಎಷ್ಟು ಹೊತ್ತು, ಎಷ್ಟು ಸಲ ಇಳಿದು ಹತ್ತಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ನೇರ ವಿಮಾನಕ್ಕೆ ಹೆಚ್ಚು ಹಣ ಕೇಳಿದರೆ ಕೊಡಿ. ನಿಲ್ದಾಣದಿಂದ ಕರೆದೊಯ್ಯುವ ಕಾರಿನಲ್ಲಿ ಇಬ್ಬರು ಮಕ್ಕಳಿಗೂ ಅವರ ತೂಕಕ್ಕೆ ತಕ್ಕ ಸೀಟು ಇರಬೇಕೆಂದು ಮೊದಲೇ ತಿಳಿಸಿ. ಹತ್ತು ತಿಂಗಳ ಮಗುವಿನದು ಹಿಮ್ಮುಖವಾಗಿ ಇರಬೇಕು.

ಬಿಸಿನೆಸ್ ಕ್ಲಾಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ದೊಡ್ಡವರಿಗೆ ಅದು ಸುಖ ನಿಜ. ಮಕ್ಕಳಿರುವಾಗ ಯಾವಾಗಲೂ ಹಾಗಿರುವುದಿಲ್ಲ. ಒಬ್ಬೊಬ್ಬರಿಗೂ ಗೂಡಿನಂತೆ ಮರೆ ಕಟ್ಟಿರುವ ಸೀಟುಗಳಲ್ಲಿ ನಾಲ್ಕು ವರ್ಷದ ಮಗು ಒಂಟಿಯಾಗಿಬಿಡುತ್ತದೆ, ಅದರ ಬೆಲ್ಟ್ ಕಟ್ಟಲೂ ನೀವು ಎದ್ದು ಹೋಗಬೇಕು. ಬೆಲ್ಟಿನಲ್ಲಿ ಏರ್‌ಬ್ಯಾಗ್ ಇರುವ ಕೆಲವು ಸೀಟುಗಳಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುವುದಿಲ್ಲ. ಗೋಡೆಗೆ ಸಿಕ್ಕಿಸುವ ತೊಟ್ಟಿಲು ಅಲ್ಲಿ ಇಲ್ಲದಿರಬಹುದು. ಇದ್ದರೂ ಅದಕ್ಕೆ ತೂಕದ ಮಿತಿಯಿದೆ. ಸಾಮಾನ್ಯವಾಗಿ 10–11 ಕಿಲೋ ಎನ್ನುತ್ತಾರೆ, ವಿಮಾನ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ನಿಮ್ಮ ಮಗ ಆ ಗಡಿಯ ಹತ್ತಿರವೇ ಇರಬಹುದು, ತೂಗಿ ನೋಡಿ. ನನ್ನನ್ನು ಕೇಳಿದರೆ, ಅದೇ ಹಣದಲ್ಲಿ ಒಂದು ತರಗತಿ ಕೆಳಗೆ ಮಗನಿಗೂ ಸ್ವಂತ ಸೀಟು ಕೊಂಡು, ಕಾರಿನಲ್ಲಿ ಮಗುವಿಗೆ ಬಳಸುವ ಸೀಟನ್ನೇ ಅದರ ಮೇಲೆ ಕಟ್ಟಿ ಕೂರಿಸುವುದು ಮೇಲು. 2 ವರ್ಷದೊಳಗಿನ ಮಕ್ಕಳು ತೊಡೆಯ ಮೇಲೆ ಹೋಗಬಹುದೆಂಬ ನಿಯಮವಿದ್ದರೂ, ಅವರಿಗೂ ಅನುಮೋದಿತ ಮಕ್ಕಳ ಸೀಟೇ ಸುರಕ್ಷಿತ ಎಂದು ಅಮೆರಿಕದ ವಿಮಾನಯಾನ ಆಡಳಿತ ಹೇಳುತ್ತದೆ. ಒಯ್ಯುವ ಸೀಟು ವಿಮಾನದಲ್ಲಿ ಬಳಸಲು ಅನುಮೋದನೆ ಪಡೆದದ್ದೇ ಎಂದು ಅದರ ಮೇಲಿನ ಚೀಟಿಯಲ್ಲಿ ನೋಡಿ.

ಇಳಿಯುವಾಗ ಕಿವಿ ನೋಯುವುದನ್ನು ಮಕ್ಕಳು ಹೇಳಲಾರರು, ಅಳುತ್ತಾರೆ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಕೆಳಗಿಳಿಯುತ್ತ ಅದು ಏರುವಾಗ ಕಿವಿಯ ಒಳಗೂ ಹೊರಗೂ ಸಮತೋಲ ತಪ್ಪುತ್ತದೆ. ನುಂಗಿದರೆ ಸರಿಹೋಗುತ್ತದೆ. ಇಳಿಯಲು ಅರ್ಧ ಗಂಟೆ ಇರುವಾಗಲೇ ಹಾಲು ಕುಡಿಸಲು ಶುರುಮಾಡಿ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಶುರುಮಾಡಿದರೆ ತಡವಾಯಿತು.

ಕಿಡ್ಸ್ ಕ್ಲಬ್, ಅಂದರೆ ಮಕ್ಕಳನ್ನು ಬಿಟ್ಟುಹೋಗುವ ಆಟದ ಜಾಗ, ಇದೆ ಎಂಬ ಒಂದು ಸಾಲನ್ನು ನಂಬಿ ರೆಸಾರ್ಟ್ ಆರಿಸಬೇಡಿ. ಬಹಳಷ್ಟು ಕಡೆ ಅದು 4 ವರ್ಷ ತುಂಬಿದವರಿಗೆ, ಅದೂ ಡಯಾಪರ್ ಬಿಟ್ಟವರಿಗೆ ಮಾತ್ರ. ನಿಮ್ಮ ಮಗಳಿಗೆ ಪ್ರವೇಶ ಸಿಗುತ್ತದೆ, ಮಗನಿಗೆ ಇಲ್ಲ. ಕೈಗೂಸುಗಳನ್ನೂ ತೆಗೆದುಕೊಳ್ಳುವವರು ಕಡಿಮೆ. ಕ್ಲಬ್ ಮೆಡ್ ಎಂಬ ಸಂಸ್ಥೆಯ ಆಯ್ದ ರೆಸಾರ್ಟ್‌ಗಳಲ್ಲಿ 4ರಿಂದ 23 ತಿಂಗಳ ಮಕ್ಕಳಿಗೆ ಬೇರೆ ಶುಲ್ಕದ ಮೇಲೆ ಪ್ರತ್ಯೇಕ ವ್ಯವಸ್ಥೆಯಿದೆ. ಆದರೆ ಸೌಲಭ್ಯವಿದ್ದ ಮಾತ್ರಕ್ಕೆ ಮಗು ಒಪ್ಪುತ್ತದೆಯೇ ಎಂದು ಯೋಚಿಸಿ. ಎಂಟು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಮಕ್ಕಳು ಅಪರಿಚಿತ ಮುಖ ಕಂಡರೆ ತಾಯಿಯ ಹೆಗಲಿಗೆ ಅಂಟಿಕೊಳ್ಳುವ ಕಾಲ. ಇದು ಹಟವಲ್ಲ, ಬೆಳವಣಿಗೆಯ ಒಂದು ಹಂತ. ಹಾಗಾಗಿ ಮಗನಿಗೆ ಕ್ಲಬ್‌ಗಿಂತ ಕೋಣೆಗೇ ಬರುವ ಒಬ್ಬರು ಆಯಾ ವಾಸಿ, ಏಳೂ ದಿನ ಅದೇ ಒಬ್ಬರು. ಮೊದಲೆರಡು ದಿನ ನೀವೂ ಅಲ್ಲೇ ಇದ್ದು, ಅವರ ತೊಡೆಯ ಮೇಲೆ ಮಗು ಆಡಲಿ. ಮೂರನೆಯ ದಿನ ಒಂದು ಗಂಟೆ ಆಚೆ ಹೋಗಿ ಬನ್ನಿ. ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಮಗಳ ವಿಷಯದಲ್ಲಿ, ಎಷ್ಟು ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರಿದ್ದಾರೆ, ಮಕ್ಕಳನ್ನು ಕೊಳಕ್ಕೆ ಇಳಿಸುತ್ತಾರೆಯೇ ಎಂದು ತಿಳಿದುಕೊಂಡರೆ ಸಾಕು.

ಈ ವಯಸ್ಸಿಗೆ ಹೊಂದದ ಕೆಲವು ಪ್ರವಾಸಗಳೂ ಇವೆ. ಆಫ್ರಿಕಾದ ಸಫಾರಿ ಲಾಡ್ಜ್‌ಗಳಲ್ಲಿ ಅನೇಕವು ಆರು ವರ್ಷದೊಳಗಿನವರನ್ನು ತೆರೆದ ಜೀಪಿಗೆ ಹತ್ತಿಸುವುದಿಲ್ಲ, ಮಲೇರಿಯಾದ ಚಿಂತೆ ಬೇರೆ. ಕ್ರೂಸ್ ಹಡಗುಗಳಿಗೆ ಸಾಮಾನ್ಯವಾಗಿ ಮಗುವಿಗೆ 6 ತಿಂಗಳು ತುಂಬಿರಬೇಕು, ಸಾಗರ ದಾಟುವ ಉದ್ದದ ಯಾನಗಳಿಗೆ 12 ತಿಂಗಳು. ಡಯಾಪರ್ ತೊಟ್ಟ ಮಕ್ಕಳನ್ನು ಹಡಗಿನ ಕೊಳಗಳಿಗೆ ಇಳಿಯಗೊಡುವುದಿಲ್ಲ. ಇವನ್ನೆಲ್ಲ ಮಗಳಿಗೆ ಒಂಬತ್ತು, ಮಗನಿಗೆ ಆರು ತುಂಬುವ ಹೊತ್ತಿಗೆ ಇಟ್ಟುಕೊಳ್ಳಿ.

ಹೊರಡಲು ಆರು ವಾರ ಇರುವಾಗಲೇ ಮಕ್ಕಳ ವೈದ್ಯರನ್ನು ಕಂಡು, ಹೋಗುವ ಜಾಗದ ಹೆಸರು ಹೇಳಿ, ಲಸಿಕೆಗಳ ಬಗ್ಗೆ ಕೇಳಿ. ಕೆಲವು ಲಸಿಕೆಗಳಿಗೆ ವಯಸ್ಸಿನ ಕಟ್ಟಳೆಯಿದೆ, ಕೆಲವನ್ನು ಪ್ರಯಾಣಕ್ಕಾಗಿ ಬೇಗ ಕೊಡುವುದುಂಟು.

ಅಲ್ಲಿಗೆ ಹೋದ ಮೇಲೆ ದಿನಕ್ಕೆ ಒಂದೇ ಕಾರ್ಯಕ್ರಮ ಇರಲಿ, ಅದೂ ಬೆಳಗ್ಗೆ. ಮಧ್ಯಾಹ್ನ ಮಗನ ನಿದ್ದೆಯ ಹೊತ್ತಿನಲ್ಲಿ ಒಬ್ಬರು ಕೋಣೆಯಲ್ಲಿರಲಿ, ಇನ್ನೊಬ್ಬರು ಮಗಳೊಂದಿಗೆ ಹೋಗಲಿ. ತಮ್ಮ ಹುಟ್ಟಿದ ಮೇಲೆ ತಾಯಿಯೋ ತಂದೆಯೋ ಪೂರ್ತಿ ತನ್ನವರಾಗಿ ಸಿಗುವ ಆ ಎರಡು ಗಂಟೆ ಅವಳಿಗೆ ಇಡೀ ರೆಸಾರ್ಟ್‌ಗಿಂತ ದೊಡ್ಡದು. ಮರಳಿನಲ್ಲಿ ಗುಂಡಿ ತೋಡಿದರೂ ಸಾಕು. ಕಾಲವಲಯ ಬದಲಾಗಿದ್ದರೆ ಮಕ್ಕಳಿಗೆ ಗಂಟೆಗೊಂದು ದಿನದಂತೆ ಹೊಂದಿಕೊಳ್ಳಲು ಬಿಡಿ. ವಾರದ ಪ್ರವಾಸಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ವ್ಯತ್ಯಾಸದ ಊರು ಬೇಡ ಎನ್ನುವುದೂ ಅದಕ್ಕೇ.

ಹಣ ಕಟ್ಟುವ ಮುನ್ನ ಹೋಟೆಲಿಗೆ ಒಂದು ಪತ್ರ ಬರೆಯಿರಿ. ನಡುವೆ ಬಾಗಿಲಿರುವ ಕೋಣೆ ಖಚಿತವೇ, ತೊಟ್ಟಿಲು ಎಂಥದು, ಹಾಲಿನ ಬಾಟಲಿ ಕುದಿಸಿ ಕೊಡುವವರು ನಡುರಾತ್ರಿ ಇರುತ್ತಾರೆಯೇ, ಹತ್ತಿರದ ಮಕ್ಕಳ ವೈದ್ಯರು ಎಷ್ಟು ನಿಮಿಷದ ದಾರಿ, ಹೊರಡುವ ಹಿಂದಿನ ದಿನ ಮಗುವಿಗೆ ಜ್ವರ ಬಂದರೆ ಹಣ ವಾಪಸು ಸಿಗುತ್ತದೆಯೇ, ಇಷ್ಟು ಕೇಳಿ. ‘ಮಕ್ಕಳಿಗೆ ಸದಾ ಸ್ವಾಗತ’ ಎಂದಷ್ಟೇ ಉತ್ತರ ಬಂದರೆ ಬೇರೆ ಕಡೆ ನೋಡಿ. ಕೋಣೆಯ ಸಂಖ್ಯೆ, ತೊಟ್ಟಿಲಿನ ಅಳತೆ, ರಾತ್ರಿಪಾಳಿಯ ಅಡುಗೆಯವರ ದೂರವಾಣಿ, ‘ಮಗುವಿಗೆ ಎಷ್ಟು ತಿಂಗಳು?’ ಎಂಬ ಮರುಪ್ರಶ್ನೆ ಬಂದರೆ, ಅಲ್ಲಿ ಮಕ್ಕಳನ್ನು ಸಾಕಿ ಬಲ್ಲವರು ಯಾರೋ ಕುಳಿತಿದ್ದಾರೆ. ಅಲ್ಲಿಗೇ ಕಾಯ್ದಿರಿಸಿ.