ತೊಲೆಗೆ ತಕ್ಕ ಜಗಲಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯನ್ನು ಕಿತ್ತು ಕಟ್ಟುವಾಗ ದೊಡ್ಡಪ್ಪ ಒಂದೇ ಪಟ್ಟು ಹಿಡಿದಿದ್ದರು: ಹಳೆ ತೊಲೆ ಒಂದೂ ದಂಡವಾಗಬಾರದು. ಹಲಸಿನ ಮರ, ಗಟ್ಟಿಮುಟ್ಟು. ಆದರೆ ಹುಳ ಹಿಡಿದ ತುದಿ ಕೊಯ್ದ ಮೇಲೆ ಉಳಿದದ್ದು ಹದಿನಾಲ್ಕು ಅಡಿ. ಜಗಲಿಯೂ ಅಷ್ಟಕ್ಕೇ ನಿಂತಿತು. ಆಚಾರಿಯ ಕೂಲಿ ಸೇರಿಸಿದರೆ ಹೊಸ ಮರವೇ ಅಗ್ಗವಾಗುತ್ತಿತ್ತು.

ಬೆಂಗಳೂರಿನಲ್ಲಿ ರಾಕೆಟ್ ಟ್ಯಾಂಕುಗಳ ಬೆಸುಗೆ ಪರೀಕ್ಷಿಸಿ ನಿವೃತ್ತನಾಗಿ ಬಂದವನು ನಾನು. ಅಡಿಕೆ ಸುಲಿಯುವ ರಾತ್ರಿ ಪಕ್ಕದ ಮನೆಯವರು ಕೇಳುತ್ತಾರೆ: "ಅಲ್ಲ ಮಾರಾಯ್ರೆ, 1969ರಲ್ಲೇ ಚಂದ್ರನ ಮೇಲೆ ಇಳಿದೋರಿಗೆ ಈಗ ಎಂತಕ್ಕೆ ಇಷ್ಟು ತಡ?" ನಾನು ಆ ತೊಲೆ ತೋರಿಸುತ್ತೇನೆ.

ಮತ್ತೆ ಚಂದ್ರನತ್ತ ಜನರನ್ನು ಕಳಿಸಲು ನಾಸಾ ಕಟ್ಟಿದ ಎಸ್‌ಎಲ್‌ಎಸ್ ಎಂಬ ರಾಕೆಟ್ ಹೇಗಿರಬೇಕೆಂದು ಬರೆದದ್ದು ಅಮೆರಿಕದ ಸಂಸತ್ತು. 2010ರ ಕಾಯ್ದೆಯಲ್ಲೇ ಎಷ್ಟು ಟನ್ ಹೊರಬೇಕೆಂದಿತ್ತು. ಆದಷ್ಟೂ ಸ್ಪೇಸ್ ಷಟಲ್ ಎಂಬ ಹೋಗಿ ಬರುವ ಹಳೆ ನೌಕೆಯ ಭಾಗಗಳನ್ನೂ ಹಳೆ ಗುತ್ತಿಗೆಗಳನ್ನೂ ಉಳಿಸಿಕೊಳ್ಳಬೇಕೆಂದಿತ್ತು. 2016ರ ಕೊನೆಯೊಳಗೆ ಸಿದ್ಧವಾಗಬೇಕೆಂದಿತ್ತು. ಷಟಲ್ ನಿಂತರೆ ಅಲಬಾಮ, ಲೂಸಿಯಾನಾ, ಯೂಟಾಗಳ ಕಾರ್ಖಾನೆಗಳಿಗೆ ಕೆಲಸ ಬೇಕಲ್ಲ. ರಾಕೆಟ್ ಹಾರಿದ್ದು 2022ರ ನವೆಂಬರ್ 16ಕ್ಕೆ.

ಹಳೆ ಸಾಮಾನು ಬಳಸಿದರೆ ಬೇಗ ಆಗಬೇಕಿತ್ತು. ಆದರೆ ಷಟಲ್‌ನಿಂದ ಬಂದ ಆರ್‌ಎಸ್-25 ಎಂಜಿನ್ನನ್ನು ರೂಪಿಸಿದ್ದೇ ವಾಪಸ್ ತಂದು ಮತ್ತೆ ಹಾರಿಸಲು. ಅದಕ್ಕೇ ಅಷ್ಟು ದುಬಾರಿ. ಈಗ ಒಂದೊಂದು ಹಾರಾಟಕ್ಕೆ ಅಂಥ ನಾಲ್ಕು ಸಮುದ್ರದ ಪಾಲು. ಅದಕ್ಕೆ ಬೇಕಾದ ದ್ರವ ಹೈಡ್ರೋಜನ್ −253 ಡಿಗ್ರಿಯದು, ಎಲ್ಲಿ ಸಂದು ಸಿಕ್ಕರೂ ನುಸುಳುತ್ತದೆ. 2022ರ ಸೆಪ್ಟೆಂಬರ್ 3ರ ಉಡಾವಣೆ ನಿಂತದ್ದು ಆ ಸೋರಿಕೆಯಿಂದಲೇ. ರಾಕೆಟ್ಟಿನ ಪಕ್ಕಕ್ಕೆ ಕಟ್ಟಿ ಮೇಲಕ್ಕೆ ದೂಡುವ ಬೂಸ್ಟರುಗಳ ಕಥೆ ಇನ್ನೂ ಹಳೆಯದು. ಯೂಟಾದಿಂದ ಫ್ಲಾರಿಡಾಕ್ಕೆ ರೈಲಿನಲ್ಲಿ ಸಾಗಬೇಕಾದ್ದರಿಂದ ಅವನ್ನು ತುಂಡುತುಂಡಾಗಿ ಮಾಡುತ್ತಾರೆ. ತುಂಡು ಎಂದರೆ ಕೀಲು, ಕೀಲು ಎಂದರೆ ರಬ್ಬರ್ ಉಂಗುರ. 1986ರ ಜನವರಿಯ ಚಳಿಯಲ್ಲಿ ಅಂಥದೊಂದು ಉಂಗುರ ಕೈಕೊಟ್ಟೇ ಚಾಲೆಂಜರ್ ಎಂಬ ಷಟಲ್ ನಾಶವಾದದ್ದು.

ದುಡ್ಡಿನ ಕೊರತೆ ಎನ್ನೋಣವೆಂದರೆ, ನಾಸಾ ಕೇಳಿದ್ದಕ್ಕಿಂತ ಸಂಸತ್ತು ಹೆಚ್ಚೇ ಕೊಟ್ಟ ವರ್ಷಗಳಿವೆ. ಗುತ್ತಿಗೆಯ ಬಗೆಯೇ ಬೇರೆ: ಆದ ಖರ್ಚು ಪೂರ್ತಿ ಕೊಟ್ಟು ಮೇಲೆ ಶುಲ್ಕ. ಆಚಾರಿಯನ್ನು ದಿನಗೂಲಿಗೆ ಕರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲವೂ ರಾಜಕೀಯವಲ್ಲ ಅನ್ನಿ. ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯಾಂಕು ಬೆಸೆಯುವ ಹೊಸ ಯಂತ್ರವನ್ನೇ ಕೊಂಚ ವಾಲಿಸಿ ನಿಲ್ಲಿಸಿದ್ದರು. ಅದನ್ನು ಸರಿಮಾಡಲು ತಿಂಗಳುಗಳು ಹೋದವು. ಅದು ನನ್ನ ಕಸುಬಿನವರದೇ ತಪ್ಪು, ಸಂಸತ್ತಿನ ತಲೆಗೆ ಕಟ್ಟಲಾರೆ.

ನಮ್ಮಲ್ಲಿ ರಾಜಕೀಯ ಹೊರಗಿನಿಂದ ಬಂತು. 1991ರಲ್ಲಿ ಕ್ರಯೋಜೆನಿಕ್, ಅಂದರೆ ಅತಿ ತಣ್ಣಗಿನ ದ್ರವ ಇಂಧನದ, ಎಂಜಿನ್ನಿಗಾಗಿ ಸೋವಿಯತ್ ಸಂಸ್ಥೆಯೊಂದಿಗೆ ಇಸ್ರೋ ಒಪ್ಪಂದವಾಯಿತು. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. ಮರುವರ್ಷ ರಷ್ಯಾ ತಂತ್ರಜ್ಞಾನ ಬಿಟ್ಟು ಸಿದ್ಧ ಎಂಜಿನ್ನುಗಳನ್ನಷ್ಟೇ ಕೊಡಲು ಒಪ್ಪಿತು. ನಮ್ಮದೇ ಕ್ರಯೋಜೆನಿಕ್ ಹಂತ ಗೆದ್ದದ್ದು 2014ರ ಜನವರಿ 5ಕ್ಕೆ. ಅಲ್ಲೂ ತೊಲೆಯ ಲೆಕ್ಕ ಬಿಟ್ಟಿರಲಿಲ್ಲ. ಆ ಹಂತ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ಟನ್ನು ರಷ್ಯದ ಎಂಜಿನ್ನಿಗೆ ಹೊಂದಿಸಿಯೇ ರೂಪಿಸಿದ್ದರಿಂದ ನಮ್ಮ ಎಂಜಿನ್ನೂ ಅದರ ಜಾಡನ್ನೇ ಹಿಡಿಯಿತು: ಪಂಪು ತಿರುಗಿಸಿದ ಅನಿಲವನ್ನು ಮತ್ತೆ ಮುಖ್ಯ ಒಲೆಗೇ ನುಗ್ಗಿಸುವ, ಕ್ಷಮತೆ ಹೆಚ್ಚಿದ್ದರೂ ಕೈಗೆ ಸುಲಭಕ್ಕೆ ಬಗ್ಗದ ಬಗೆ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ರಾಕೆಟ್ಟಿಗೆ ಸಿಇ-20 ಎಂಬ ಕ್ರಯೋಜೆನಿಕ್ ಎಂಜಿನ್ ಮಾಡುವಾಗ ಅದನ್ನು ಬಿಟ್ಟು, ಆ ಅನಿಲವನ್ನು ಹೊರಗೇ ಬಿಡುವ ಸರಳ ದಾರಿ ಹಿಡಿದರು. ಇಂಧನ ತುಸು ನಷ್ಟವೇ. ಆದರೆ ಎಂಜಿನ್ನಿನ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಉರಿಸಿ ನೋಡಬಹುದಿತ್ತು.